ವನಜಾಕ್ಷಮ್ಮ ಮಿಷೀನು ಕಳಿಸಿಕೊಟ್ಟದ್ದು

ವನಜಾಕ್ಷಮ್ಮನವರ ದನಿ ಮೊದಲು ಬರುತ್ತಿತ್ತು, ಅವರು ಆಮೇಲೆ. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ಆ ತುದಿಯಲ್ಲಿ ಅವರು ಹೂವಿನವಳ ಹತ್ತಿರ ಮೊಳ ಅಳೆಸುತ್ತಿದ್ದರೆ ಈ ತುದಿಯಲ್ಲಿ ನಮ್ಮಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಕಿರುಚುವ ದನಿಯೇನಲ್ಲ. ಒಂದೊಂದು ಅಕ್ಷರವನ್ನೂ ತೊಳೆದು, ಹಿಂಡಿ, ಕೊಡವಿ ಹರಡಿದ ಹಾಗೆ ಇರುತ್ತಿತ್ತು. ಅವರು ಹುಟ್ಟಿದ್ದು ಓಕಳಿಪುರಂನಲ್ಲಿ, ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮನೆಯಲ್ಲಿ. "ನಮ್ಮನೇಲಿ ರೈಲು ಹೋಗೋವರೆಗೂ ಕಾದು ಮಾತಾಡೋರು ಗಂಡಸ್ರು. ನಾವು ಹೆಂಗಸ್ರು ರೈಲಿನ ಸದ್ದನ್ನೂ ಮೀರಿಸಿ ಮಾತಾಡ್ತಿದ್ವಿ" ಎಂದು ನಗುತ್ತಿದ್ದರು. ಮುಂದೆ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿ ಮೂವತ್ತು ವರ್ಷ ಊರೂರಿಗೆ ಮೂರು ಮೂರು ನಿಮಿಷದ ಟ್ರಂಕ್ ಕಾಲ್ ಜೋಡಿಸಿದರು. ನಿವೃತ್ತಿಯಾದ ಮೇಲೂ ಹಾಲು ಉಕ್ಕುತ್ತಿದೆ ಎಂದು ಮಾತಿನ ಮಧ್ಯೆ ಒಳಗೆ ಓಡುವಾಗ, "ಲೈನ್‌ನಲ್ಲಿ ಇರಮ್ಮ, ಬಂದೆ" ಎನ್ನುತ್ತಿದ್ದರು.

ಕುಳ್ಳಗೆ, ದುಂಡಗೆ ಇದ್ದರು. ವಾಯಿಲ್ ಸೀರೆ, ದಪ್ಪ ಗಾಜಿನ ಕನ್ನಡಕ, ಎಡಗೈಗೆ ತೀರಿಹೋದ ಗಂಡನ ದೊಡ್ಡ ಗಡಿಯಾರ. ಬೆಳಿಗ್ಗೆ ಪೇಪರ್ ಓದುವಾಗ ಅರ್ಥವಾಗದ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ಆಮೇಲೆ ಆ ದಿನ ಸಿಕ್ಕವರನ್ನೆಲ್ಲ ಅದರ ಅರ್ಥ ಕೇಳುವುದು ಅವರ ಪದ್ಧತಿ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರನ್ನು "ಹಣದುಬ್ಬರ ಅಂದ್ರೆ ಏನಪ್ಪಾ?" ಎಂದು ಕೇಳಿ, ಅವನು ತಿಣುಕಿ, ಹಿಂದಿನ ಸೀಟಿನ ಇಬ್ಬರು ಬ್ಯಾಂಕಿನವರು ಜಗಳಕ್ಕೆ ಬಿದ್ದು, ಮಾರ್ಕೆಟ್ ಬರುವಷ್ಟರಲ್ಲಿ ಇಡೀ ಬಸ್ಸು ಅದೇ ಮಾತಾಡುತ್ತಿತ್ತು. "ಗೊತ್ತಿಲ್ಲ ಅಂತ ಕೇಳೋಕೆ ನಂಗೇನೂ ನಾಚಿಕೆ ಇಲ್ಲ ಕಣೇ ಉಷಾ. ಗೊತ್ತಿಲ್ದೇ ಹೇಳ್ತಾರಲ್ಲ, ಅವ್ರಿಗೇ ಇಲ್ಲ, ನಂಗ್ಯಾಕೆ?" ಎಂದು ಇಳಿಯುವಾಗ ನನಗೆ ಹೇಳಿದರು.

ನಮ್ಮ ರಸ್ತೆಯ ಮಧ್ಯದಲ್ಲಿ ಒಂದು ಹಳೆಯ ನರ್ಸಿಂಗ್ ಹೋಮ್ ಇತ್ತು. ಮುಂಬಾಗಿಲು ದೊಡ್ಡ ರಸ್ತೆಗೆ, ಹಿಂಬಾಗಿಲು ನಮ್ಮ ಕಡೆಗೆ. ಅಲ್ಲಿ ಕ್ಯಾನ್ಸರಿಗೆ ಕಿರಣ ಕೊಡುವ ಒಂದು ಕೋಬಾಲ್ಟ್ ಮಿಷೀನು ಇತ್ತು. ಡಾಕ್ಟರು ತೀರಿಕೊಂಡ ಮೇಲೆ ಬೀಗ ಬಿತ್ತು. ಮಿಷೀನು ಒಳಗೇ ಉಳಿಯಿತು. ಎಷ್ಟೋ ವರ್ಷ ಯಾರೂ ಅದರ ಬಗ್ಗೆ ಯೋಚಿಸಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ನಾವೆಲ್ಲ ಕೂತು ಅವರೆಕಾಯಿ ಸುಲಿದಿದ್ದೇವೆ.

ತೊಂಬತ್ತರ ದಶಕದ ಕೊನೆಯಲ್ಲಿ ಡಾಕ್ಟರ ಮಕ್ಕಳು ಕಟ್ಟಡ ಮಾರಲು ಹೊರಟರು. ಮೊದಲು ಮಿಷೀನಿನ ವಿಕಿರಣದ ಮೂಲವನ್ನು ತೆಗೆದು ಸಾಗಿಸಬೇಕು, ಅದಕ್ಕೆ ಮುಂಬೈಯಿಂದ ಅಣುಶಕ್ತಿಯ ಇಲಾಖೆಯವರು ಬರುತ್ತಾರೆ ಎಂದು ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಅಷ್ಟೇ ಸಾಕಾಯಿತು. ಎರಡು ಮನೆಯ ಬಾಡಿಗೆದಾರರು ಖಾಲಿ ಮಾಡಿದರು. ಹೂವಿನವಳು ರಸ್ತೆಯ ತಿರುವಿನಲ್ಲೇ ನಿಂತು ಕೂಗತೊಡಗಿದಳು. ಬಾವಿ ನೀರಿನಲ್ಲಿ ವಿಷ ಇಳಿದಿದೆ ಎಂದು ಯಾರೋ ಹೇಳಿ, ಎದುರುಮನೆಯವರು ಎಳನೀರಿನಲ್ಲಿ ಅನ್ನ ಮಾಡಿ ನೋಡಿದರು. ನಿವೃತ್ತ ತಹಶೀಲ್ದಾರ್ ಶಾಮಣ್ಣನವರು, "ಅದನ್ನ ಮುಟ್ಟಲೇಬಾರದು, ಕಾಂಕ್ರೀಟ್ ಸುರಿದು ಹಾಗೇ ಮುಚ್ಚಿಬಿಡ್ಲಿ" ಎಂದು ಸಹಿ ಸಂಗ್ರಹ ಶುರುಮಾಡಿದರು.

ಕಾಗದ ವನಜಾಕ್ಷಮ್ಮನವರ ಮನೆಗೂ ಬಂತು. ಕನ್ನಡಕ ಏರಿಸಿ ಓದಿದರು.

"ಮುಚ್ಚಿದ್ಮೇಲೆ ಕಾಯೋರು ಯಾರು ಶಾಮಣ್ಣೋರೆ?"

"ಕಾಯೋದೇನು, ಕಾಂಕ್ರೀಟ್ ಅಲ್ವೇ?"

"ನಿಮ್ಮ ಮನೆ ತಾರಸಿನೂ ಕಾಂಕ್ರೀಟೇ. ಹೋದ್ ಮಳೇಲಿ ಮೂರು ಬಕೆಟ್ ಇಟ್ಟಿದ್ರಿ." ಕಾಗದ ಮಡಿಸಿ ವಾಪಸ್ ಕೊಟ್ಟರು. "ನಾನೂ ಹೆದರಿದೀನಿ. ಆದ್ರೆ ಹೆದರ್ಕೊಳ್ಳೋದಾದ್ರೆ ಸರಿಯಾಗಿ ತಿಳ್ಕೊಂಡು ಹೆದರ್ಕೊಳ್ಳೋಣ."

ಮರುದಿನದಿಂದ ಬೆಳಿಗ್ಗೆ ಹತ್ತೂವರೆಗೆ ಅವರು ಎಸ್‌ಟಿಡಿ ಬೂತಿನಲ್ಲಿ. ಮುಂಬೈಯ ಆ ಇಲಾಖೆಯ ಯಾವ ಕೊಠಡಿಯಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಒಂದು ವಾರದಲ್ಲಿ ಪತ್ತೆ ಹಚ್ಚಿದರು. ಅಲ್ಲಿಯ ಆಪರೇಟರ್ ಹೆಂಗಸಿನ ಸೊಂಟನೋವಿಗೆ ಮದ್ದು ಹೇಳಿ, ಅವಳ ಮೂಲಕ ಕುಲಕರ್ಣಿ ಎಂಬ ಇಂಜಿನಿಯರರನ್ನು ಹಿಡಿದರು. ಧಾರವಾಡದವರು. ಅದು ಗೊತ್ತಾದದ್ದೇ ವನಜಾಕ್ಷಮ್ಮನವರಿಗೆ ಹಬ್ಬವಾಯಿತು. ಹತ್ತನೇ ದಿನ ಕುಲಕರ್ಣಿಯವರು ಶರಣಾದರು: "ಅಮ್ಮಾರ, ನೀವು ಇನ್ನ ಫೋನ್ ಮಾಡಬ್ಯಾಡ್ರಿ. ನಾನಽ ಬರತೇನಿ. ನಿಮ್ಮ ಓಣಿ ಮಂದಿ ಮುಂದ ನಿಂತು ಎಲ್ಲಾ ಹೇಳತೇನಿ."

ರಾಮಮಂದಿರದ ಹಾಲ್‌ನಲ್ಲಿ ಸಭೆ. ನಾನಾಗ ಸರ್ಕಾರಿ ಕಚೇರಿಯೊಂದರಲ್ಲಿ ಸ್ಟೆನೋ ಆಗಿದ್ದೆ. "ನೀನು ಎಲ್ಲಾ ಬರ್ಕೋ, ಒಂದು ಮಾತೂ ಬಿಡ್ಬೇಡ" ಎಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಜನ ಕಿಕ್ಕಿರಿದಿದ್ದರು. ಎಲ್ಲರೂ ಒಟ್ಟಿಗೆ ಬಾಯಿ ತೆರೆದಿದ್ದರು. ವನಜಾಕ್ಷಮ್ಮ ಎದ್ದು ನಿಂತು ಗಂಡನ ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ಒಬ್ಬೊಬ್ರಿಗೆ ಮೂರು ನಿಮಿಷ. ಟ್ರಂಕ್ ಕಾಲ್ ಲೆಕ್ಕ. ಹೊಸ ವಿಷಯ ಇದ್ರೆ ಮಾತ್ರ ಎಕ್ಸ್‌ಟೆನ್ಷನ್."

ಶಾಮಣ್ಣನವರಿಗೆ ಮೂರು ನಿಮಿಷಕ್ಕೆ ಸರಿಯಾಗಿ ಲೈನ್ ಕಟ್ಟಾಯಿತು. ಕುಲಕರ್ಣಿಯವರಿಗೂ ವಿನಾಯಿತಿ ಇರಲಿಲ್ಲ. ಅವರು ನಾಲ್ಕು ಇಂಗ್ಲಿಷ್ ಪದ ಸುರಿಸಿದ್ದೇ ತಡ, "ಲೈನ್ ಕ್ಲಿಯರ್ ಇಲ್ಲ ಸಾರ್, ಇನ್ನೊಂದ್ಸಲ ಕನ್ನಡದಲ್ಲಿ" ಎಂದರು ವನಜಾಕ್ಷಮ್ಮ. ಆ ಮನುಷ್ಯ ಬೆವರು ಒರೆಸಿಕೊಂಡು ಮತ್ತೆ ಶುರುಮಾಡಿದರು. ಬೆರಳು ಗಾತ್ರದ ಲೋಹದ ತುಂಡು, ಅದರ ಸುತ್ತ ದಪ್ಪ ಸೀಸದ ಕವಚ. ತುಂಡಿನ ಶಕ್ತಿ ಐದೈದು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧರ್ಧ ಇಳಿಯುತ್ತದೆ, ಆದರೆ ಕವಚ ಒಡೆದು ಗುಜರಿಯವರ ಕೈಗೆ ಸಿಕ್ಕರೆ ಈಗಲೂ ಜೀವ ತೆಗೆಯುತ್ತದೆ. ಬಾವಿ ನೀರಿಗೆ ಏನೂ ಆಗಿಲ್ಲ, ನಾಳೆ ನಿಮ್ಮೆದುರೇ ವಿಕಿರಣ ಅಳೆಯುವ ಮೀಟರ್ ಹಿಡಿದು ತೋರಿಸುತ್ತೇನೆ. ತುಂಡನ್ನು ಸೀಸದ ಡಬ್ಬಿಯಲ್ಲಿಟ್ಟು ಹಿಂಬಾಗಿಲಿನಿಂದ ಲಾರಿಯಲ್ಲಿ ಸಾಗಿಸುತ್ತೇವೆ. ಹೀಗೆ ಬಿಡಿಸಿ ಹೇಳಿದರು.

ಯಾರೋ ಹಿಂದಿನಿಂದ, "ಏನಾದ್ರೂ ಆಗ್ಲಿ, ಆ ದರಿದ್ರ ಮಿಷೀನು ಮೊದ್ಲು ತೊಲಗ್ಲಿ" ಎಂದರು.

"ದರಿದ್ರ ಅನ್ಬೇಡಿ" ಎಂದರು ವನಜಾಕ್ಷಮ್ಮ. ದನಿ ಸಣ್ಣದಾಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಮ್ಮನೆಯವ್ರನ್ನ ಅದ್ರ ಕೆಳಗೇ ಮಲಗಿಸ್ತಿದ್ರು. ಆರು ತಿಂಗಳು ಅಂದಿದ್ರು ಬೇರೆ ಡಾಕ್ಟ್ರು. ನಾಲ್ಕು ವರ್ಷ ಇದ್ರು. ಮಗಳ ಮದುವೆ ಧಾರೆ ಎರೆದೇ ಹೋದ್ರು. ತೊಲಗೋದು ಬೇಡ, ಮರ್ಯಾದೆಯಿಂದ ಹೋಗ್ಲಿ." ಆಮೇಲೆ ಗಡಿಯಾರ ನೋಡಿಕೊಂಡು, "ನನ್ ಟೈಮ್ ಆಯ್ತು. ಮುಂದೆ ಯಾರು?" ಎಂದರು.

ಮುಂದೆ ಎದ್ದವರು ಇಸ್ತ್ರಿ ಮುನಿಯಪ್ಪ. ನರ್ಸಿಂಗ್ ಹೋಮಿನ ಹಿಂಬಾಗಿಲ ಪಕ್ಕ ಮರದ ಕೆಳಗೆ ಅವರ ಬಂಡಿ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ ಕೂರಲು ಹೊರಟಿದ್ದನ್ನು ವನಜಾಕ್ಷಮ್ಮ, "ಹೇಳಿ ಮುನಿಯಪ್ಪ, ಲೈನ್ ನಿಮ್ದೇ" ಎಂದು ನಿಲ್ಲಿಸಿದರು.

"ಏನಿಲ್ಲ ಸಾರ್. ಲಾರಿ ಹಿಂದ್ಗಡೆಯಿಂದ ಅಂದ್ರಲ್ಲ. ಎಷ್ಟು ಭಾರ ಬತ್ತದೆ?"

"ಲಾರಿ, ಸೀಸದ ಡಬ್ಬಿ ಎಲ್ಲಾ ಕೂಡಿ ಭಾಳ ಟನ್ ಆಗತದರಿ."

"ಆ ಜಾಗದಲ್ಲಿ ರಸ್ತೆ ಅನ್ನೋದೇ ಇಲ್ಲ ಸಾರ್. ಕೆಳಗೆ ಹಳೇ ಮೋರಿ. ಮೇಲೆ ಚಪ್ಪಡಿ ಹಾಕಿ ಟಾರು ಬಳ್ದವ್ರೆ. ನಮ್ಮಪ್ಪ ನೋಡಿದ್ದ. ನೀರಿನ ಟ್ಯಾಂಕರ್ ಬಂದ್ರೆ ನನ್ ಬಂಡಿ ಅಲ್ಲಾಡ್ತದೆ."

ಕುಲಕರ್ಣಿಯವರು ತಮ್ಮ ನಕ್ಷೆ ನೋಡಿದರು. ನಕ್ಷೆಯಲ್ಲಿ ಮೋರಿ ಇರಲಿಲ್ಲ. ಅವರ ಜೊತೆ ಬಂದಿದ್ದ ಸ್ಥಳೀಯ ಅಧಿಕಾರಿ "ಅದೆಲ್ಲಾ ಮುಚ್ಚಿ ಎಷ್ಟೋ ಕಾಲ ಆಯ್ತು" ಎಂದು ತಳ್ಳಿಹಾಕಲು ನೋಡಿದರು. ವನಜಾಕ್ಷಮ್ಮ ಬಿಡಲಿಲ್ಲ. "ಅಷ್ಟೇ ಭಾರದ ಮರಳು ತುಂಬಿದ ಲಾರಿ ಮೊದ್ಲು ಓಡ್ಸಿ ನೋಡಿ ಸಾರ್. ಮರಳು ಬಿದ್ರೆ ಬಾಚ್ಕೋಬಹುದು."

ಆ ಶನಿವಾರ ಮರಳಿನ ಲಾರಿ ಬಂತು. ನಾವೆಲ್ಲ ತಾರಸಿಗಳ ಮೇಲೆ. ಮುನಿಯಪ್ಪನವರ ಬಂಡಿಯ ಹತ್ತಿರ ಹಿಂದಿನ ಚಕ್ರ ಬಂದದ್ದೇ ನೆಲ ಫಟಾರನೆ ಸಿಡಿದು, ಚಪ್ಪಡಿ ಮುರಿದು, ಲಾರಿ ಒಂದು ಕಡೆಗೆ ವಾಲಿ ಅರ್ಧ ಮರಳು ರಸ್ತೆಗೆ ಚೆಲ್ಲಿತು. ಡ್ರೈವರ್ ಕಿಟಕಿಯಿಂದ ಹಾರಿದ. ಯಾರಿಗೂ ಏನೂ ಆಗಲಿಲ್ಲ. ಕುಲಕರ್ಣಿಯವರು ಬಂದು ಮುನಿಯಪ್ಪನವರ ಎರಡೂ ಕೈ ಹಿಡಿದುಕೊಂಡರು. ಶಾಮಣ್ಣನವರು ತಮ್ಮ ಸಹಿ ಕಾಗದವನ್ನು ಅಲ್ಲೇ ಹರಿದರು. ಹರಿದದ್ದನ್ನು ಎಲ್ಲರೂ ನೋಡಿದರೇ ಎಂದು ಒಮ್ಮೆ ಸುತ್ತ ತಿರುಗಿಯೂ ನೋಡಿದರು.

ಯೋಜನೆ ಬದಲಾಯಿತು. ಮುಂದಿನ ಕಾಂಪೌಂಡ್ ಒಡೆದು ದೊಡ್ಡ ರಸ್ತೆಯಿಂದಲೇ ಸಾಗಿಸುವುದು, ರಸ್ತೆಯವರಿಬ್ಬರು ಮೊದಲಿನಿಂದ ಕೊನೆಯವರೆಗೆ ಜೊತೆಗಿರುವುದು ಎಂದಾಯಿತು. ಆ ಇಬ್ಬರು ವನಜಾಕ್ಷಮ್ಮ ಮತ್ತು ಮುನಿಯಪ್ಪ. ಮೀಟರ್ ಓದುವುದನ್ನು ಕುಲಕರ್ಣಿಯವರೇ ಕಲಿಸಿದರು. ಮಿಷೀನು ಹೊರಡುವವರೆಗಿನ ಹದಿನೈದು ದಿನ ಮುನಿಯಪ್ಪ ಬೆಳಿಗ್ಗೆ ಸಂಜೆ ಗೋಡೆಯುದ್ದಕ್ಕೂ ಮೀಟರ್ ಹಿಡಿದು ನಡೆಯುವುದು, ವನಜಾಕ್ಷಮ್ಮ ಅಂಕಿಯನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು, ಓದಲು ಬಾರದವರಿಗಾಗಿ ಗಟ್ಟಿಯಾಗಿ ಹೇಳುವುದು. ಮೂರನೇ ದಿನ ಹೂವಿನವಳು ಮತ್ತೆ ರಸ್ತೆಯೊಳಗೆ ಬಂದಳು.

ಒಂದು ಭಾನುವಾರ ಬೆಳಿಗ್ಗೆ ಮಿಷೀನು ಹೊರಟಿತು. ಹೆಂಗಸರು ಕುಂಬಳಕಾಯಿ ಹಿಡಿದು, ಲಾರಿಯ ಚಕ್ರಕ್ಕೆ ನಿಂಬೆಹಣ್ಣು ಇಡಬಹುದೇ ಎಂದು ಹಿಂಜರಿಯುತ್ತ ಕೇಳಿದರು. ಕುಲಕರ್ಣಿಯವರು ತಮ್ಮ ದಪ್ಪ ಪುಸ್ತಕವನ್ನು ಗಂಭೀರವಾಗಿ ತಿರುವಿ, "ನಿಂಬಿಹಣ್ಣಿನ ಬಗ್ಗೆ ನಮ್ಮ ರೂಲಿನ್ಯಾಗ ಏನೂ ಬರದಿಲ್ರಿ. ಇಡ್ರಿ" ಎಂದರು. ನಿಂಬೆಹಣ್ಣು ಪಚ್ಚೆಂದಿತು, ಲಾರಿ ಸರಿಯಿತು. ವನಜಾಕ್ಷಮ್ಮ ಕೈಮುಗಿದು ತಿರುವಿನವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗಿ ಬಾ ಅಂತ ಬಾಯಿಗೇ ಬಂದ್ಬಿಟ್ಟಿತ್ತು ಕಣೇ. ನುಂಗ್ಕೊಂಡೆ" ಎಂದರು. ನಗುತ್ತಲೇ ಕಣ್ಣೊರೆಸಿಕೊಂಡರು.

ಕೆಲವು ವರ್ಷಗಳಲ್ಲಿ ನಾವು ಅಲ್ಲಲ್ಲಿ ಚದುರಿದೆವು. ನನಗೆ ಹಾಸನಕ್ಕೆ ವರ್ಗವಾಯಿತು. ವನಜಾಕ್ಷಮ್ಮ ಎನ್.ಆರ್. ಕಾಲೋನಿಯ ಮಗಳ ಮನೆ ಸೇರಿದರು. ಅಲ್ಲೇ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನನಗೆ ತಿಳಿಯುವಷ್ಟರಲ್ಲಿ ಹದಿಮೂರನೇ ದಿನವೂ ಕಳೆದಿತ್ತು. ಆಮೇಲೆ ಚಾಮರಾಜಪೇಟೆಗೆ ಹೋದಾಗ ಆ ರಸ್ತೆ ನನಗೆ ತೀರ ಸದ್ದಿಲ್ಲದ ಜಾಗವಾಗಿ ಕಂಡಿತು, ಆಟೋಗಳು ಅಷ್ಟು ಅರಚುತ್ತಿದ್ದರೂ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ನಾಲ್ಕು ತಿಂಗಳ ಮುಂಚೆ, ಮುನಿಯಪ್ಪನವರ ಮಗಳ ಮದುವೆಯಲ್ಲಿ. ನರ್ಸಿಂಗ್ ಹೋಮ್ ಕೆಡವಿದ ಜಾಗದಲ್ಲಿ ಹೊಸ ಛತ್ರ ಎದ್ದಿತ್ತು, ಮದುವೆ ಅಲ್ಲೇ. ವನಜಾಕ್ಷಮ್ಮ ಕೋಲು ಹಿಡಿದು ಬಂದಿದ್ದರು, ಸ್ವಲ್ಪ ಬಡವಾಗಿದ್ದರು. ಊಟದ ಹಾಲ್‌ನಲ್ಲಿ ನನ್ನನ್ನು ಮೂರು ಸಾಲು ದಾಟಿಸಿ ಒಂದು ಮೂಲೆಗೆ ಕರೆದೊಯ್ದು, ನೆಲವನ್ನು ಕೋಲಿನಿಂದ ತಟ್ಟಿ, "ಮಿಷೀನು ಇಲ್ಲೇ ಇತ್ತಲ್ವಾ? ಇಲ್ಲೇ ಕೂರೋಣ" ಎಂದರು. ಕೂತೆವು. ಎಲೆ ಬಿತ್ತು, ಪಲ್ಯ ಕೋಸಂಬರಿ ಬಂತು. ಮೊದಲ ಪಂಕ್ತಿ ಗಂಡಿನ ಕಡೆಯವರಿಗೆ ಎಂದಿದ್ದರಂತೆ. ಹೋಳಿಗೆ ಹಿಡಿದು ಬಂದ ಹುಡುಗ ನಮ್ಮೆದುರು ಅನುಮಾನದಿಂದ ನಿಂತು, "ಅಜ್ಜೀ, ನೀವು ಯಾರ ಕಡೆಯವ್ರು? ಹೆಣ್ಣಿನ ಕಡೆನಾ, ಗಂಡಿನ ಕಡೆನಾ?" ಎಂದು ಕೇಳಿದ.

ವನಜಾಕ್ಷಮ್ಮ ತಲೆಯೆತ್ತಿದರು. ಇಡೀ ಪಂಕ್ತಿಗೆ ಕೇಳಿಸುವ ಹಾಗೆ, ಒಂದೊಂದು ಅಕ್ಷರ ಬಿಡಿಸಿ ಹೇಳಿದರು:

"ಜಾಗದ ಕಡೆಯವಳು. ಎರಡು ಹಾಕಪ್ಪ."