‘ಇಲ್ವಾ’ ಅಂದರೆ ‘ಯಾ’

ಜಯನಗರದ ಜರ್ಮನ್ ತರಗತಿಯಲ್ಲಿ ಅಂದು ಮೌಖಿಕ ಪರೀಕ್ಷೆ. ಪಾಸಾದರೆ ಮಾತ್ರ ಮುಂದಿನ ಹಂತ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಪ್ರತಿ ಪ್ರಶ್ನೆಯ ಹಿಂದೆಯೂ ಒಂದು ಬಲೆ ಕಾಣುತ್ತಿತ್ತು.

“ನಿಮಗೆ ತಮ್ಮ ಇಲ್ಲವೇ?” ಎಂದು ಮೇಡಂ ಜರ್ಮನ್‌ನಲ್ಲಿ ಕೇಳಿದರು.

ಹೌದು, ಇಲ್ಲ ಎನ್ನುವ ಅರ್ಥದಲ್ಲಿ “ಯಾ” ಎಂದೆ.

“ಅವನ ಹೆಸರೇನು?”

ಇಲ್ಲದ ತಮ್ಮನಿಗೆ ಹೆಸರೆಲ್ಲಿಂದ ತರಲಿ? ಕನ್ನಡಕ್ಕೆ ಜಾರಿದೆ. “ಮೇಡಂ, ಇಲ್ವಾ ಅಂತ ಕೇಳಿದ್ರಿ, ಹೌದು ಅಂದೆ. ತಪ್ಪೆಲ್ಲಿ?”

“ಇಲ್ಲ ಅನ್ನೋಕೆ ‘ನೈನ್’ ಅನ್ಬೇಕು. ಇದ್ದಾನೆ ಅನ್ನೋಕೆ ‘ಡೊಖ್’. ಇಲ್ಲಿ ‘ಯಾ’ ನಡೆಯಲ್ಲ.”

‘ಇಲ್ಲ’ ಎಂದವರನ್ನು ಅಲ್ಲಗಳೆಯಲೆಂದೇ ಒಂದು ಪದವೇ? ನನ್ನನ್ನು ಸೋಲಿಸಲು ಆಗಷ್ಟೇ ಹುಟ್ಟಿಸಿದಂತಿತ್ತು. ಪುಸ್ತಕ ತೋರಿಸಿ ಎಂದೆ. ತೋರಿಸಿದರು. ಅಚ್ಚಿನ ತಪ್ಪಿರಬಹುದು ಎಂದೆ.

“ವಾದ ಸಖತ್ತಾಗಿ ಮಾಡ್ತೀರಿ ಕಣ್ರೀ,” ಎಂದು ಪೆನ್ನಿನ ಕ್ಯಾಪ್ ಹಾಕಿದ ಮೇಡಂ, ಮತ್ತೆ ಜರ್ಮನ್‌ನಲ್ಲಿ, “ನೀವು ಪಾಸಾಗಿಲ್ಲ” ಎಂದರು.

ಇದೂ ಪ್ರಶ್ನೆಯೇ ಇರಬೇಕೆಂದು ಗುಮಾನಿ ಬಂತು. “ಡೊಖ್” ಎಂದೆ.

ಅವರು ನಗಲಿಲ್ಲ. ಸೋಮವಾರದಿಂದ ಮುಂದಿನ ಹಂತದ ತರಗತಿಗೆ ಬನ್ನಿ ಎಂದರು. ಉತ್ತರ ಮೆಚ್ಚಿ ಪಾಸು ಮಾಡಿದರೋ, ನನ್ನ ಕಾಟ ತಪ್ಪಿದರೆ ಸಾಕೆಂದೋ, ಇವತ್ತಿಗೂ ನನಗೆ ಅನುಮಾನ.