ಉಪವಾಸದ ಹಾಲು

ನನ್ನ ಹೆಂಡತಿ ಗ್ರೀಸ್‌ನವಳು, ಆರ್ಥೊಡಾಕ್ಸ್ ಕ್ರೈಸ್ತಳು. ಈಸ್ಟರ್‌ಗೆ ಮುಂಚೆ ಅವರದೊಂದು ದೀರ್ಘ ಉಪವಾಸವಿದೆ. ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ತುಪ್ಪವನ್ನೂ ಮುಟ್ಟುವಂತಿಲ್ಲ. ಬೆಳಗಾವಿಗೆ ಬಂದ ಮೇಲೆ ಅವಳು ಅದನ್ನು ಅಷ್ಟಕ್ಕಷ್ಟೇ ಪಾಲಿಸುತ್ತಿದ್ದಳು. ಈ ವರ್ಷ ಹಾಗಲ್ಲ. ಚಳಿಗಾಲದಲ್ಲಿ ಅವಳ ತಂದೆ ತೀರಿಕೊಂಡಿದ್ದರು, ಮಣ್ಣಿಗೆ ಹೋಗಲಾಗಿರಲಿಲ್ಲ. ಅವರ ಹೆಸರಿನಲ್ಲಿ ಒಂದು ದಿನವೂ ತಪ್ಪದೆ ಉಪವಾಸ ಮುಗಿಸುತ್ತೇನೆ ಎಂದಳು. ಎಲ್ಲದಕ್ಕೂ ವಾದ ಹೂಡುವ ನಾನು ಅದಕ್ಕೆ ಮಾತ್ರ ಸುಮ್ಮನಿದ್ದೆ.

ಒಂದು ಭಾನುವಾರ ಖಾನಾಪುರದ ನನ್ನ ಸೋದರತ್ತೆಯ ಮನೆಗೆ ಹೋದೆವು. ಸೊಸೆ ತೀರಿಹೋದ ತಂದೆಯ ಹೆಸರಿನಲ್ಲಿ ಉಪವಾಸ ಹಿಡಿದಿದ್ದಾಳೆ ಎಂದು ತಿಳಿದು ಅತ್ತೆ ಹಿಗ್ಗಿದರು. "ನಮ್ಮ ಹುಡ್ಗ್ಯಾರ ಈಗ ಸ್ವಾಮಾರದ ಉಪಾಸ ಸೈತ ಹಿಡಿಯಂಗಿಲ್ಲ, ಇಕೀನ್ನ ನೋಡ್ರಿ!" ಎಂದು ನೆರೆಯವರಿಗೂ ಕೇಳಿಸುವಂತೆ ಹೇಳಿ, ಎಮ್ಮೆಯ ಹಾಲಿಗೆ ಏಲಕ್ಕಿ ಹಾಕಿ ಬಿಸಿಬಿಸಿ ತಂದರು. ನಮ್ಮಲ್ಲಿ ಉಪವಾಸವೆಂದರೆ ಹಾಲು ಹಣ್ಣೇ ಅಲ್ಲವೇ.

"ಹಾಲು ನಡೀತದಲ್ಲೋ ತಮ್ಮಾ?" ಎಂದು ನನ್ನನ್ನು ಕೇಳಿದರು.

"ನಡೀತದ" ಅಂದೆ. ಅಂದೆನೋ, ಬರೀ ತಲೆಯಾಡಿಸಿದೆನೋ. ನೆನಪು ತಲೆಯಾಡಿಸಿದ್ದನ್ನೇ ತೋರಿಸುತ್ತದೆ. ಅದು ನನಗೆ ಅನುಕೂಲವಾದದ್ದು, ಆದ್ದರಿಂದ ಬಾಯಿಬಿಟ್ಟೇ ಅಂದಿರಬೇಕು. ಕೂತು ಬಿಡಿಸಿ ಹೇಳುವ ಬೇಸರ, ಅಷ್ಟೇ. ಜೊತೆಗೆ, ಒಂದು ಲೋಟ ಹಾಲಿನಿಂದ ಏನಾಗುತ್ತದೆ ಎಂಬ ನನ್ನ ಜಾಣತನ.

ಅವಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕುಡಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ, "ಅವರ ಮನಸ್ಸು ನೋಯಿಸಿದ್ದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತು" ಎಂದಷ್ಟೇ ಅಂದಳು. ಹೇಳಿದ್ದು ನನಗೋ ತನ್ನ ತಂದೆಗೋ ಗೊತ್ತಾಗಲಿಲ್ಲ.

ಮುಂದಿನ ವಾರ ಅತ್ತೆ ಬೆಳಗಾವಿಯ ಸದಾಶಿವನಗರದ ನಮ್ಮ ಮನೆಗೆ ಬಂದರು. ಹೆಂಡತಿ ಕುಡಿಯುತ್ತಿದ್ದ ಕಪ್ಪು ಚಹಾ ನೋಡಿ, "ಯಾಕವಾ, ಮನ್ಯಾಗ ಹಾಲಿಲ್ಲೇನು?" ಎಂದರು.

"ನಮ್ದು ಉಪಾಸಕ್ಕ ಹಾಲು ಇಲ್ಲ, ಅತ್ತಿ. ಸಿಗಡಿ ನಡೀತದ."

"ಹಾಲು ಬ್ಯಾಡಂತ, ಸಿಗಡಿ ನಡೀತದಂತ! ಕೊಕ್ಕರಿ ಉಪಾಸ ಆತಲ್ಲ ಯವ್ವಾ ಇದು!" ಅತ್ತೆ ಹೊಟ್ಟೆ ಹಿಡಿದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಹಂಗಾರ ಅವತ್ತ ನಾ ಕೊಟ್ಟದ್ದು?"

"ನೀವು ಪ್ರೀತಿಲೆ ಕೊಟ್ರಿ. ದೇವರಿಗೆ ಗೊತ್ತದ."

"ಶಿವಶಿವಾ, ಸತ್ತಾಂವನ ಹೆಸರಿನ ಉಪಾಸ ಕೆಡಿಸಿದ್ನೆಲ್ಲ" ಎಂದು ಅತ್ತೆ ಕೆನ್ನೆ ಬಡಿದುಕೊಂಡರು. ಹೆಂಡತಿ ನನ್ನತ್ತ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

"ಅತ್ತಿ, ನಡೀತದ ಅಂದಾಂವ ನಾನು" ಎಂದೆ.

"ಯಾವ ದೇವರನ್ನೂ ನಂಬದಾಂವನ್ನ ಉಪಾಸದ್ದ ಕೇಳಿದ್ನೆಲ್ಲ, ನಂದ ತಪ್ಪು." ಅವರು ನನ್ನ ಕಡೆ ತಿರುಗಲೂ ಇಲ್ಲ. ಸೊಸೆಯ ಕೈ ಹಿಡಿದು, "ನಿಮ್ಮ ಹಬ್ಬದ ತನಕ ನಾನೂ ಹಾಲು ಮುಟ್ಟೂದಿಲ್ಲ. ಎಮ್ಮಿ ಹಿಂಡತೇನಿ, ಕುಡ್ಯಾಂಗಿಲ್ಲ. ನಿಮ್ಮಪ್ಪಗ ಹೇಳ" ಎಂದರು.

ಅವಳು ಅತ್ತೆಯ ಹೆಗಲಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ತಂದೆ ತೀರಿದ ಸುದ್ದಿ ಬಂದ ದಿನವೂ ನನ್ನೆದುರು ಅವಳು ಅತ್ತಿರಲಿಲ್ಲ. ಇದೊಂದು ನನಗೆ ಸರಿಯಾಗಿ ನೆನಪಿದೆ.