ನಾನು ಕೈಬಿಟ್ಟ ಷರಾ

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಗಳಾಗಿದ್ದವು. ಮೂಡುಬಿದಿರೆಯ ಬಸದಿಗೆ ಹೋಗುವ ದಾರಿಯಲ್ಲಿ, ಒಂದು ಬಟ್ಟೆಯಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ಅದರಿಂದ ಬರುವುದು ಸಾಲದೆ, ಅಂಗಡಿ, ಅಕ್ಕಿ ಮಿಲ್ಲುಗಳಲ್ಲಿದ್ದ ಹಳೆಯ ಡಾಸ್ ಪ್ರೋಗ್ರಾಮುಗಳನ್ನು ವಿಂಡೋಸಿಗೆ ಬದಲಾಯಿಸಿ ಕೊಡುವ ಕೆಲಸವನ್ನೂ ಹಿಡಿದಿದ್ದೆ. ಹಾಗೆ ಸಿಕ್ಕಿದ್ದು ಪಾಣೆಮಂಗಳೂರಿನ ಬೀಡಿ ಬ್ರಾಂಚು. ಸುತ್ತಲಿನ ಹೆಂಗಸರು ಅಲ್ಲಿಂದ ಎಲೆ, ಹೊಗೆಸೊಪ್ಪು ಒಯ್ದು, ಮನೆಯಲ್ಲಿ ಬೀಡಿ ಕಟ್ಟಿ ತಂದು ಒಪ್ಪಿಸುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ನಂಬರು, ಒಂದೊಂದು ಪಾಸ್ ಪುಸ್ತಕ.

ಅಲ್ಲಿನ ಗುಮಾಸ್ತರು ನರಿಕೊಂಬಿನವರು, ಬ್ಯಾರಿ ಮುಸ್ಲಿಮರು. ಆಗಲೇ ಅರವತ್ತರ ಹತ್ತಿರ ಇದ್ದರು. ಎಲ್ಲರೂ ಅವರನ್ನು ಸಾಹೇಬ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ತೊಂಬತ್ತರ ಆರಂಭದಲ್ಲಿ ಬ್ರಾಂಚಿಗೆ ಕಂಪ್ಯೂಟರು ಬಂದಾಗ ಉಳಿದವರು ಹೆದರಿ ದೂರ ನಿಂತರಂತೆ. ಇವರು ಎರಡು ಬೆರಳಿನಲ್ಲಿ ಒತ್ತಿ ಒತ್ತಿ ಕಲಿತು, ಎಲ್ಲ ಹೆಂಗಸರ ಹೆಸರು, ಊರು, ಕೆಲಸಕ್ಕೆ ಸೇರಿದ ದಿನಗಳನ್ನು ಒಬ್ಬರೇ ತುಂಬಿದ್ದರು.

ಆ ಹಳೆಯ ಪ್ರೋಗ್ರಾಮಿನ ಕೊನೆಯಲ್ಲಿ ಷರಾ ಎಂಬ ಒಂದು ಕಾಲಂ ಇತ್ತು. ಎಷ್ಟು ಉದ್ದ ಬೇಕಾದರೂ ಬರೆಯಬಹುದಾದ ಜಾಗ. ಬೇರೆ ಕಡೆಗಳಲ್ಲಿ ಅದು ಖಾಲಿ ಇರುತ್ತಿತ್ತು. ಇಲ್ಲಿ ಮಾತ್ರ ತುಂಬಿತ್ತು. ಕನ್ನಡದ ಅಕ್ಷರ ಬಾರದ ಯಂತ್ರದಲ್ಲಿ ಸಾಹೇಬ್ರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ, ತುಳು, ಬ್ಯಾರಿ ಎಲ್ಲ ಬೆರೆಸಿ ಬರೆದಿದ್ದರು. ನಾನು ಮೇಲಿನ ಎರಡು ಮೂರು ಓದಿದೆ. ಒಬ್ಬಳಿಗೆ ಬಾಣಂತನ, ಎರಡು ತಿಂಗಳು ತಂಗಿ ತರುತ್ತಾಳೆ. ಇನ್ನೊಬ್ಬಳ ಗಂಡ ಹೊಳೆಯಲ್ಲಿ ತೀರಿಕೊಂಡ, ಈ ವಾರ ಬೀಡಿ ಸಡಿಲ ಇದ್ದರೂ ತೆಗೆದುಕೊಳ್ಳುವುದು. ಓದಿ ನಗು ಬಂತು. ಇಂಥದ್ದನ್ನೆಲ್ಲ ಯಾರಾದರೂ ಕಂಪ್ಯೂಟರಿನಲ್ಲಿ ಬರೆಯುತ್ತಾರೆಯೇ ಎಂದುಕೊಂಡೆ.

ಹೆಸರು, ನಂಬರು, ತಾರೀಕುಗಳು ಹೊಸದಕ್ಕೆ ಸಲೀಸಾಗಿ ಬಂದವು. ಷರಾ ಬರಲಿಲ್ಲ. ಸಾಹೇಬ್ರು ಎಲ್ಲೆಲ್ಲೋ ಒತ್ತಿದ ಚಿಹ್ನೆಗಳು ಸಿಕ್ಕಿದಲ್ಲೆಲ್ಲ ವರ್ಗಾವಣೆ ನಿಂತುಹೋಗುತ್ತಿತ್ತು. ಒಂದನ್ನು ಸರಿಮಾಡಿದರೆ ಐವತ್ತು ಹೆಸರು ದಾಟಿ ಇನ್ನೊಂದು. ಮೂರನೆಯ ದಿನ ನನಗೆ ಸಾಕಾಯಿತು. ಬ್ರಾಂಚಿನ ಧಣಿಗಳ ಹತ್ತಿರ ಹೋಗಿ, “ಈ ಷರಾ ನಿಮಗೆ ಬೇಕಾ?” ಎಂದು ಕೇಳಿದೆ. ಬೇಡ ಎನ್ನಲಿ ಎಂದೇ ಕೇಳಿದ್ದು.

“ಅದೆಂಥದ್ದು, ಕಸ. ಹೆಸರು, ನಂಬರು ಇದ್ರೆ ಸಾಕು,” ಎಂದರು ಅವರು.

ಮರುದಿನ ಹೊಸ ಪ್ರೋಗ್ರಾಮು ತೋರಿಸಿದೆ. ಬಣ್ಣದ ಪರದೆ, ಮೌಸ್ ಒತ್ತಿದರೆ ತೆರೆಯುವ ಪಟ್ಟಿ. ಸಾಹೇಬ್ರು ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದರು.

“ಟೀಚರೇ, ನಾನು ಬರೆದದ್ದು ಎಲ್ಲಿ ಉಂಟು?”

“ಹಳೆಯದರಲ್ಲಿ ಉಂಟು ಸಾಹೇಬ್ರೆ. ಫ್ಲಾಪಿಯಲ್ಲಿ ತೆಗೆದಿಟ್ಟಿದ್ದೇನೆ. ಬೇಕಾದಾಗ ನೋಡುವ.”

“ಹಾಗಾದ್ರೆ ಅಡ್ಡಿ ಇಲ್ಲ,” ಎಂದು ಅವರು ಕನ್ನಡಕ ಇಳಿಸಿದರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ಫ್ಲಾಪಿಗಳನ್ನು ಒಮ್ಮೆಯೂ ತೆರೆದು ಪರೀಕ್ಷಿಸಿರಲಿಲ್ಲ. ಕೆಲವೇ ತಿಂಗಳಲ್ಲಿ ಹಳೆಯ ಕಂಪ್ಯೂಟರು ಗುಜರಿಗೆ ಹೋಯಿತು. ಅದರ ಮರುವರ್ಷ ಸಾಹೇಬ್ರು ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು.

ಮೂರು ವರ್ಷದ ಮೇಲೆ ಬ್ರಾಂಚಿನಿಂದ ನನಗೆ ಫೋನು ಬಂತು. ಹೋಗಿ ನೋಡಿದರೆ, ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದರು. ಐವತ್ತು ದಾಟಿದವರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅವರ ಪೆನ್ಶನ್ ಅರ್ಜಿ ಹಿಂದೆ ಬಂದಿತ್ತು, ಕೆಲಸ ಮಾಡಿದ ವರ್ಷ ಸಾಲದು ಎಂದು. ತುಳುವಿನಲ್ಲಿ ಅವರು ನಿಧಾನವಾಗಿ ಹೇಳಿದ ಸಂಗತಿ ಇಷ್ಟು. ಮದುವೆಯಾಗಿ ಬಂದು ಕೆಲವು ವರ್ಷಕ್ಕೆ ಅತ್ತೆಗೆ ಪಾರ್ಶ್ವವಾಯು ಬಡಿದಿತ್ತು. ಆಗ ಬ್ರಾಂಚಿನಲ್ಲಿ ಹೊಸ ನಂಬರು ಕೊಡುತ್ತಿರಲಿಲ್ಲ. ಅತ್ತೆಯ ನಂಬರಿನಲ್ಲೇ ಹನ್ನೊಂದು ವರ್ಷ ಬೀಡಿ ಕಟ್ಟಿದ್ದು ಈ ಸೊಸೆ. ಅತ್ತೆ ತೀರಿದ ಮೇಲೆ ಇವರಿಗೆ ಸ್ವಂತ ನಂಬರು ಸಿಕ್ಕಿತು. ಲೆಕ್ಕಕ್ಕೆ ಬಂದದ್ದು ಅಲ್ಲಿಂದ ಮುಂದಿನ ವರ್ಷಗಳು ಮಾತ್ರ.

“ಸಾಹೇಬ್ರು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಾರೆ ಟೀಚರೇ. ನನ್ನ ಎದುರೇ ಬರೆದದ್ದು. ಓದಿ ಹೇಳಿದ್ರು ಸಹ, ಅತ್ತೆ ಹಾಸಿಗೆಯಲ್ಲಿ, ಕಟ್ಟುವುದು ಸೊಸೆ ಅಂತ. ಅದನ್ನೊಂದು ತೆಗೆದುಕೊಡಿ.”

ಮೂಡುಬಿದಿರೆಗೆ ಮರಳಿ, ಬೀರುವಿನ ತಳದಿಂದ ಫ್ಲಾಪಿಗಳ ಡಬ್ಬಿ ತೆಗೆದೆ. ಐದರಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಒಂದು ತೆರೆಯಿತು. ಅದರಲ್ಲಿದ್ದದ್ದು ಹೆಸರುಗಳ ಪಟ್ಟಿ. ಷರಾ ಬೇರೆಯೇ ಕಡತದಲ್ಲಿ ಇರುತ್ತದೆ, ಅದು ಉಳಿದ ನಾಲ್ಕರಲ್ಲಿ ಎಲ್ಲೋ ಇತ್ತು. ಮಂಗಳೂರಿನ ಒಬ್ಬ ಕಂಪ್ಯೂಟರ್ ರಿಪೇರಿಯವರ ಬಳಿಗೂ ಒಯ್ದು ನೋಡಿದೆ. ಅವರು ಒಂದನ್ನು ಬಿಡಿಸಿ, ಒಳಗಿನ ಬಿಳಿ ಕಲೆ ತೋರಿಸಿ ತಲೆಯಾಡಿಸಿದರು.

ಬಿ.ಸಿ.ರೋಡಿನಲ್ಲಿ ಬಸ್ಸು ಇಳಿದು ನರಿಕೊಂಬಿಗೆ ಸಾಹೇಬ್ರನ್ನು ನೋಡಲು ಹೋದೆ. ಬಹಳ ಇಳಿದುಹೋಗಿದ್ದರು. ಜಗಲಿಯಲ್ಲಿ ಕೂರಿಸಿ, ಮಗಳ ಕೈಯಲ್ಲಿ ಚಹಾ ತರಿಸಿದರು. ವಿಷಯ ಹೇಳಿದೆ. ಆ ಹೆಂಗಸಿನ ಹೆಸರು, ಅತ್ತೆಯ ಹೆಸರು, ನಂಬರು ಎಲ್ಲ ಅವರಿಗೆ ಬಾಯಿಪಾಠ. ಆಗಲೇ ಒಂದು ಕಾಗದದ ಮೇಲೆ, ನಾನು ಸಾಕ್ಷಿ ಎಂದು ಕನ್ನಡದಲ್ಲಿ ದುಂಡಗೆ ಬರೆದು ಸಹಿ ಹಾಕಿದರು.

“ತಪ್ಪು ನನ್ನದು ಸಾಹೇಬ್ರೆ,” ಎಂದೆ.

“ಪುಸ್ತಕದಲ್ಲಿ ಸಹ ಬರೀಬೇಕಿತ್ತು ನಾನು. ಮೆಷಿನ್ ಉಂಟಲ್ಲ ಅಂತ ಧೈರ್ಯ ಮಾಡಿದೆ,” ಎಂದರು. ನನ್ನ ಮುಖ ನೋಡಲಿಲ್ಲ.

ಆ ಕಾಗದವನ್ನು ಪೆನ್ಶನ್ ಆಫೀಸಿನವರು ಒಪ್ಪಲಿಲ್ಲ. ಆ ಕಾಲದ ದಾಖಲೆ ಬೇಕು, ಕೆಲಸ ಬಿಟ್ಟವರ ಹೇಳಿಕೆ ನಡೆಯುವುದಿಲ್ಲ ಎಂದರು. ಎರಡನೆಯ ಅರ್ಜಿಯನ್ನು ನಾನೇ ಬರೆದೆ. ಅದೂ ತಿರಸ್ಕೃತವಾಗಿ ಬಂದಾಗ, ಪತ್ರ ಹಿಡಿದು ಆ ಹೆಂಗಸಿನ ಮನೆಗೆ ಹೋದೆ. ಅವರು ಬಾಗಿಲ ಬೆಳಕಿಗೆ ಕುಳಿತು, ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಓದಿ ಹೇಳಿದೆ. ಕೈ ನಿಲ್ಲಿಸಲಿಲ್ಲ. ಹೊಸ ಪ್ರೋಗ್ರಾಮು ಮಾಡುವಾಗ ಆ ಬರಹವನ್ನು ಬಿಟ್ಟವಳು ನಾನೇ ಎಂದೂ ಆವತ್ತು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಕಟ್ಟಿದ ಬೀಡಿಯನ್ನು ತಡ್ಪೆಗೆ ಹಾಕುತ್ತಾ ಕೇಳಿದರು, “ಬಿಡುವ ಮೊದಲು ಓದಿದ್ರಾ ಟೀಚರೇ, ನನ್ನದು?”

“ಇಲ್ಲ. ಮೇಲಿನ ಎರಡು ಮೂರು ಓದಿದ್ದು ಅಷ್ಟೇ.”

“ಓದಿದ್ರೆ ಬಿಡ್ತಿರಲಿಲ್ಲ ನೀವು,” ಎಂದರು. ಸಮಾಧಾನಕ್ಕೆ ಹೇಳಿದರೋ, ನಿಜವಾಗಿ ಹಾಗೆಂದುಕೊಂಡರೋ ತಿಳಿಯಲಿಲ್ಲ. ಎರಡೂ ನನಗೆ ಸಹಿಸಲು ಕಷ್ಟವಾಯಿತು.

ಸಾಹೇಬ್ರು ಅದೇ ವರ್ಷ ತೀರಿಕೊಂಡರು. ನನಗೆ ತಿಳಿಯುವಾಗ ಎರಡು ವಾರ ಕಳೆದಿತ್ತು. ಅವರ ಮನೆಗೆ ಹೋಗಿ ಮಗಳೊಡನೆ ಸ್ವಲ್ಪ ಹೊತ್ತು ಕುಳಿತು ಬಂದೆ. ಆ ಹೆಂಗಸು ಆಮೇಲೆಯೂ ಐದಾರು ವರ್ಷ ಬೀಡಿ ಕಟ್ಟಿದರು. ಕಣ್ಣು ಮಂಜಾದ ಮೇಲೆ ಬ್ರಾಂಚಿನವರು ಅವರ ಬೀಡಿಯನ್ನು ಸಡಿಲವೆಂದು ಹಿಂದೆ ಕಳಿಸತೊಡಗಿದರಂತೆ. ಸಡಿಲ ಇದ್ದರೂ ತೆಗೆದುಕೊಳ್ಳುವುದು ಎಂದು ಷರಾ ಬರೆಯುವವರು ಅಲ್ಲಿ ಯಾರೂ ಇರಲಿಲ್ಲ.